ಗುಳಿಗೆ ಬೆಲೆ ಕೈ ಸುಡುವಾಗ: ಯಾವ ಖರ್ಚಿಗೆ ಯಾವ ಬಾಗಿಲು ತಟ್ಟಬೇಕು?

ಸಿಂಧನೂರಿನಲ್ಲಿರುವ ನಮ್ಮ ಸೋದರಮಾವ ತಮ್ಮ ಗುಳಿಗೆಗಳನ್ನೆಲ್ಲ ಒಂದು ಹಳೇ ಸ್ವೀಟ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಹಾರ್ಟಿಗೆ, ಸಕ್ಕರೆ ಕಾಯಿಲೆಗೆ, ಥೈರಾಯ್ಡಿಗೆ ಎಲ್ಲ ಸೇರಿ ಐದು ಥರದ ಗುಳಿಗೆ. ಹೋದ ಸಲ ಊರಿಗೆ ಹೋದಾಗ ಡಬ್ಬಿಯನ್ನು ಕಟ್ಟೆಯ ಮೇಲೆ ಸುರಿದು, "ತಿಂಗಳಾ ನಾಕು ಚೀಲ ಭತ್ತ ಈ ಡಬ್ಬ್ಯಾಗ ಹೊಂಟೈತಿ ನೋಡೋ ಅಳಿಯಾ" ಅಂದರು. ಲೆಕ್ಕ ಹಾಕಿದೆ. ಸುಮಾರು 7,000 ರೂಪಾಯಿ. ಮಾತು ಸುಳ್ಳಲ್ಲ.

ಒಂದೊಂದೇ ಸ್ಟ್ರಿಪ್ ತಿರುಗಿಸಿ, ಮೊಬೈಲ್ ಟಾರ್ಚ್ ಹಾಕಿ ಓದಿದೆ. ಮುಂದೆ ದೊಡ್ಡದಾಗಿ ಕಂಪನಿ ಇಟ್ಟ ಹೆಸರು. ಅದರ ಹತ್ತಿರವೇ ಇನ್ನೊಂದು ಹೆಸರು, ಬಾಯಿ ತಿರುಗದ್ದು. ಸಕ್ಕರೆ ಕಾಯಿಲೆಯ ಒಂದು ಗುಳಿಗೆಯ ಮೇಲೆ: ಎಂಪಾಗ್ಲಿಫ್ಲೋಜಿನ್, 10 ಮಿಲಿಗ್ರಾಂ. ಮೈಯೊಳಗೆ ಕೆಲಸ ಮಾಡುವುದು ಈ ಎರಡನೇ ಹೆಸರಿನ ವಸ್ತು, ಅದೇ ಔಷಧದ ಮೂಲ ಹೆಸರು. ಮೊದಲನೆಯದು ಅಂಗಡಿಯ ಬೋರ್ಡ್ ಇದ್ದ ಹಾಗೆ. ದುಬಾರಿ ಔಷಧಕ್ಕೆ ದಾರಿ ಹುಡುಕುವವರು ಯಾವ ಕಚೇರಿಗೆ ಹೋಗುವ ಮೊದಲೂ ಈ ಎರಡನೇ ಹೆಸರನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಮುಂದಿನ ಎಲ್ಲ ಬಾಗಿಲಿಗೂ ಅದೇ ಕೀಲಿಕೈ.

ಯಾಕೆ ಅಂತ ಈ ಗುಳಿಗೆಯಲ್ಲೇ ನೋಡಿ. ಹೊಸ ಔಷಧ ಕಂಡುಹಿಡಿದ ಕಂಪನಿಗೆ ನಮ್ಮ ದೇಶದಲ್ಲಿ 20 ವರ್ಷ ಪೇಟೆಂಟ್ ಇರುತ್ತದೆ. ಅಲ್ಲಿಯವರೆಗೆ ಬೇರೆ ಯಾರೂ ಅದನ್ನು ಮಾಡುವ ಹಾಗಿಲ್ಲ. ಬೆಲೆ ಅವರು ಹೇಳಿದ್ದೇ. ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿಯಿತು. ಅದಕ್ಕೂ ಮೊದಲು ಒಂದು ಗುಳಿಗೆಗೆ ಸುಮಾರು 60 ರೂಪಾಯಿ. ಮುಗಿದ ಕೂಡಲೇ ಹತ್ತಾರು ಕಂಪನಿಗಳು ಇಳಿದವು, ಬೆಲೆ ಹತ್ತು ರೂಪಾಯಿ ಆಸುಪಾಸಿಗೆ ಬಂತು. ಮಾವ ಮಾತ್ರ ಹಳೇ ಸ್ಟ್ರಿಪ್ಪನ್ನೇ ತರುತ್ತಿದ್ದರು. ಯಾಕಂದ್ರೆ ಚೀಟಿ ಎರಡು ವರ್ಷದ ಹಿಂದಿನದು, ಅದರಲ್ಲಿ ಆ ಹೆಸರೇ ಇತ್ತು. ಮೆಡಿಕಲ್ ಶಾಪಿನವರು ಚೀಟಿ ನೋಡಿ ಕೊಟ್ಟರು, ಇವರು ತಂದರು. ತಪ್ಪು ಯಾರದೂ ಅಲ್ಲ, ದುಡ್ಡು ಮಾತ್ರ ಹೋಗುತ್ತಲೇ ಇತ್ತು.

ಇಲ್ಲಿ ಒಂದು ಕಾನೂನು ಗೊತ್ತಿರಬೇಕು. ಚೀಟಿಯಲ್ಲಿ ಬರೆದ ಬ್ರ್ಯಾಂಡ್ ಬಿಟ್ಟು ಬೇರೆಯದನ್ನು ತಾನಾಗಿಯೇ ಕೊಡುವ ಅಧಿಕಾರ ಅಂಗಡಿಯವರಿಗೆ ಇಲ್ಲ. ಹಾಗಾಗಿ ಅವರ ಮುಂದೆ ನಿಂತು ವಾದ ಮಾಡಿ ಪ್ರಯೋಜನವಿಲ್ಲ. ಕೇಳಬೇಕಾದದ್ದು ಡಾಕ್ಟರನ್ನು. "ಸರ್, ತಿಂಗಳಿಗೆ ಇಷ್ಟು ಆಗ್ತಿದೆ, ನಮ್ಮ ಕೈಲಿ ಆಗ್ತಿಲ್ಲ. ಇದೇ ಔಷಧ ಬೇರೆ ಕಂಪನಿಯದು ನಡೆಯುತ್ತಾ? ಮೂಲ ಹೆಸರು ಬರೆದು ಕೊಡ್ತೀರಾ?" ಇಷ್ಟು ಸಾಕು. ನಮ್ಮ ಕಡೆ ಜನ ಡಾಕ್ಟರ ಮುಂದೆ ದುಡ್ಡಿನ ಮಾತು ಎತ್ತುವುದಿಲ್ಲ. ಮರ್ಯಾದೆ ಪ್ರಶ್ನೆ. ಸುಮ್ನೆ ತಲೆ ಆಡಿಸಿ ಬಂದು, ಮನೆಯಲ್ಲಿ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುತ್ತಾರೆ, ಇಲ್ಲಾ ಅರ್ಧ ಮಾಡುತ್ತಾರೆ. ಬಿ.ಪಿ., ಸಕ್ಕರೆ, ಹಾರ್ಟಿನ ಔಷಧಗಳಲ್ಲಿ ಇದಕ್ಕಿಂತ ದುಬಾರಿ ಉಳಿತಾಯ ಇನ್ನೊಂದಿಲ್ಲ. ಆಮೇಲೆ ಬರುವ ಐಸಿಯು ಬಿಲ್ ಮುಂದೆ ಈ 7,000 ಏನೂ ಅಲ್ಲ.

ಇನ್ನೊಂದು ಮಾತು. ಮೂಲ ಹೆಸರು ಒಂದೇ ಅಂತ ಎಲ್ಲವನ್ನೂ ನೀವೇ ಬದಲಾಯಿಸಬೇಡಿ. ಫಿಟ್ಸ್ ಔಷಧ, ಥೈರಾಯ್ಡ್ ಗುಳಿಗೆ, ರಕ್ತ ತೆಳು ಮಾಡುವ ವಾರ್ಫರಿನ್, ಕಿಡ್ನಿ ಕಸಿ ಆದವರು ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್ ಇಂಥವುಗಳಲ್ಲಿ ಪ್ರಮಾಣ ಸ್ವಲ್ಪ ಹೆಚ್ಚುಕಮ್ಮಿ ಆದರೂ ತೊಂದರೆ. ಇವನ್ನು ಡಾಕ್ಟರ್ ಹೇಳಿದರೆ ಮಾತ್ರ ಬದಲಿಸಬೇಕು.

ಅಗ್ಗದ ಔಷಧ ಅಂದಾಗ ಎಲ್ಲರಿಗೂ ನೆನಪಾಗುವುದು ಜನೌಷಧಿ ಕೇಂದ್ರ. 2008ರಲ್ಲಿ ಶುರುವಾದ ಯೋಜನೆ ಇದು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲೂ ಇವೆ. ಬ್ರ್ಯಾಂಡ್ ಔಷಧಕ್ಕಿಂತ ಸಾಮಾನ್ಯವಾಗಿ ಅರ್ಧದಿಂದ ಶೇ 80ರವರೆಗೆ ಕಡಿಮೆ ಬೆಲೆ. ಅಲ್ಲಿ ಹೋಗಿ ಕಂಪನಿ ಹೆಸರು ಹೇಳಿದರೆ "ಇಲ್ಲ" ಅನ್ನುತ್ತಾರೆ. ಮೂಲ ಹೆಸರು, ಎಷ್ಟು ಮಿಲಿಗ್ರಾಂ ಅಂತ ಹೇಳಿದರೆ ಕಪಾಟು ತೆರೆಯುತ್ತಾರೆ. ಅದಕ್ಕೇ ಆ ಹಾಳೆ ಅಂದದ್ದು. ಮೊಬೈಲಿನಲ್ಲಿ 'ಜನೌಷಧಿ ಸುಗಮ್' ಅನ್ನೋ ಆ್ಯಪ್ ಇದೆ. ಹತ್ತಿರದ ಕೇಂದ್ರ ಎಲ್ಲಿದೆ, ಔಷಧದ ಬೆಲೆ ಎಷ್ಟು ಎಂದು ಅದರಲ್ಲಿ ನೋಡಬಹುದು. 1800 180 8080ಕ್ಕೆ ಫೋನ್ ಮಾಡಿಯೂ ಕೇಳಬಹುದು. ಎಲ್ಲ ಔಷಧವೂ ಸಿಗುವುದಿಲ್ಲ. ಕೆಲವು ಸಲ ಸ್ಟಾಕ್ ಖಾಲಿ ಇರುತ್ತದೆ. ಎರಡು ಔಷಧ ಸೇರಿಸಿ ಮಾಡಿದ ಗುಳಿಗೆಗಳಿಗೆ ಜಾಸ್ತಿ ಪರದಾಟ. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶ ಮಾಡಿತು, ಜುಲೈನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ತಡೆ ಕೊಟ್ಟಿತು. ಆಸ್ಪತ್ರೆಯೊಳಗಿನದು ತೆರೆದಿದೆಯೋ ಇಲ್ಲವೋ ಎಂದು ಹೋಗುವ ಮೊದಲು ವಿಚಾರಿಸಿ. ಊರಿನ ಬೀದಿಗಳಲ್ಲಿ ಇರುವವುಗಳಿಗೂ ಆ ಆದೇಶಕ್ಕೂ ಸಂಬಂಧವಿಲ್ಲ.

ಮೂಲ ಹೆಸರಿನಲ್ಲಿ ಮಾರುವ ಔಷಧಕ್ಕೆ 'ಜೆನೆರಿಕ್' ಅನ್ನುತ್ತಾರೆ. ಹಾಗಂತ ಬೋರ್ಡ್ ಹಾಕಿದ ಮಾತ್ರಕ್ಕೆ ಅಗ್ಗ ಅಂದುಕೊಳ್ಳಬೇಡಿ. ಕೆಲವು ಜೆನೆರಿಕ್ ಸ್ಟ್ರಿಪ್‌ಗಳ ಮೇಲೂ ಬ್ರ್ಯಾಂಡಿನಷ್ಟೇ ಎಂಆರ್‌ಪಿ ಮುದ್ರಿಸಿರುತ್ತಾರೆ. ಅಂಗಡಿಗೆ ಬಿದ್ದ ಬೆಲೆ ಅದರ ಸಣ್ಣ ಪಾಲು. ಅಂಥಲ್ಲಿ ಚೌಕಾಸಿ ಮಾಡಿದರೆ ದೊಡ್ಡ ರಿಯಾಯಿತಿ ಸಿಗುತ್ತದೆ, ಮಾಡದಿದ್ದರೆ ಪೂರ್ತಿ ಬೆಲೆ ಕೊಟ್ಟು ಬರುತ್ತೀರಿ. ಸಂತೆಯಲ್ಲಿ ಮೆಣಸಿನಕಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ನಾವು ಮೆಡಿಕಲ್ ಶಾಪಿನಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ, ಅಲ್ವಾ?

ಬೆಲೆಗೂ ಒಂದು ಲಗಾಮು ಇದೆ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ 384 ಔಷಧಗಳಿವೆ. 2022ರ ಪಟ್ಟಿ ಅದು. ಅವುಗಳಿಗೆ ಗರಿಷ್ಠ ಬೆಲೆಯನ್ನು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಗೊತ್ತು ಮಾಡುತ್ತದೆ. 'ಫಾರ್ಮಾ ಸಹಿ ದಾಮ್' ಆ್ಯಪ್‌ನಲ್ಲಿ ಹೆಸರು ಹಾಕಿದರೆ ಬೇರೆ ಬೇರೆ ಬ್ರ್ಯಾಂಡಿನ ಬೆಲೆ ಬರುತ್ತದೆ. ಜಾಸ್ತಿ ತೆಗೆದುಕೊಂಡರೆ ದೂರು ಕೊಡಲು 1800 111 255. 2025ರ ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಕ್ಯಾನ್ಸರ್, ಅಪರೂಪದ ಕಾಯಿಲೆಗಳ ಕೆಲವು ಔಷಧಗಳಿಗೆ ತೆರಿಗೆಯೇ ಇಲ್ಲ. ಹಳೇ ಸ್ಟಾಕ್ ಅಂತ ಹಳೇ ಬೆಲೆ ಹೇಳಿದರೆ ಬಿಲ್ ಕೇಳಿ.

ಇನ್ನು ಪುಕ್ಕಟೆ ಸಿಗುವ ಔಷಧಗಳು. ಇದರಲ್ಲಿ ಜನ ಕಳೆದುಕೊಳ್ಳುವುದೇ ಜಾಸ್ತಿ. ಟಿಬಿ ಔಷಧ ಪೂರ್ತಿ ಉಚಿತ, ಜೊತೆಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಎಚ್‌ಐವಿಗೆ ಎಆರ್‌ಟಿ ಕೇಂದ್ರದಲ್ಲಿ ಉಚಿತ. ಹೆಪಟೈಟಿಸ್ ಸಿ ಕಾಯಿಲೆಗೆ ಹೊರಗೆ ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವ ಕೋರ್ಸು 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಮಕ್ಕಳಿಗೆ ಬೇಕಾದ ಫ್ಯಾಕ್ಟರ್ ಇಂಜೆಕ್ಷನ್ ಜಿಲ್ಲಾ ಆಸ್ಪತ್ರೆಯಲ್ಲಿ ಕೊಡಬೇಕು. ಬಿ.ಪಿ., ಸಕ್ಕರೆ ಗುಳಿಗೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುತ್ತವೆ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಪರೀಕ್ಷೆ ಮಾಡುತ್ತಾರೆ. ಊರಿನ ಆಶಾ ಅಕ್ಕನನ್ನು ಕೇಳಿದರೆ ಯಾವ ದಿನ ಎಂದು ಹೇಳುತ್ತಾರೆ.

ಹಾರ್ಟ್ ಅಟ್ಯಾಕ್ ಆದಾಗ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಇದೆಯಲ್ಲ, ಹೊರಗೆ ಅದಕ್ಕೆ ಹತ್ತಾರು ಸಾವಿರ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಅದು ಉಚಿತ. ಇಸಿಜಿಯನ್ನು ದೊಡ್ಡ ಹೃದಯ ಆಸ್ಪತ್ರೆಗೆ ಕಳಿಸಿ, ಅಲ್ಲಿನ ಡಾಕ್ಟರ್ ಸಲಹೆ ಮೇಲೆ ಕೂಡಲೇ ಕೊಡುತ್ತಾರೆ. ಎದೆನೋವು ಬಂದವರನ್ನು ಕಾರಿನಲ್ಲಿ ಹಾಕಿಕೊಂಡು ಮೂರು ತಾಸು ದೂರದ ಊರಿಗೆ ಓಡುವ ಮೊದಲು ಇದು ನೆನಪಿರಲಿ.

ಸರ್ಕಾರಿ ಔಷಧ ಅಂದರೆ ಅಂಜುವವರು ಇದ್ದಾರೆ. ಬಳ್ಳಾರಿಯವರಿಗೆ ಆ ಅಂಜಿಕೆ ಸುಮ್ಮನೆ ಬಂದದ್ದಲ್ಲ. 2024ರ ನವೆಂಬರ್‌ನಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಬಾಣಂತಿಯರು ತೀರಿಕೊಂಡಾಗ ಡ್ರಿಪ್ ಹಾಕುವ ದ್ರಾವಣದ ಗುಣಮಟ್ಟದ ಪ್ರಶ್ನೆ ರಾಜ್ಯವೆಲ್ಲ ಎದ್ದಿತು. ಆ ನೋವನ್ನು ಕಡಿಮೆ ಮಾಡಿ ಮಾತಾಡಲಾರೆ. ಆದರೆ ದುಬಾರಿ ಆದದ್ದೆಲ್ಲ ಸರಿ ಇರುತ್ತದೆ ಅನ್ನುವುದೂ ನಿಜವಲ್ಲ. ಕೇಂದ್ರದ ಔಷಧ ನಿಯಂತ್ರಕರು ಪರೀಕ್ಷೆಯಲ್ಲಿ ಫೇಲ್ ಆದ ಔಷಧಗಳ ಪಟ್ಟಿಯನ್ನು ತಿಂಗಳು ತಿಂಗಳು ಹೊರಗೆ ಬಿಡುತ್ತಾರೆ. ಅದರಲ್ಲಿ ಹೆಸರಾಂತ ಬ್ರ್ಯಾಂಡುಗಳೂ ಇರುತ್ತವೆ.

ಇನ್ನು ಆಯುಷ್ಮಾನ್ ಕಾರ್ಡ್. "ಕಾರ್ಡ್ ಐತಲ್ಲ, ಗುಳಿಗೆ ಯಾಕ ಕೊಡಂಗಿಲ್ಲ?" ಅಂತ ಮಾವ ಕೇಳಿದ್ದರು. ನಮ್ಮ ಜನರ ಅತಿ ದೊಡ್ಡ ಗೊಂದಲ ಇದೇ. ಈ ಕಾರ್ಡ್ ಇರುವುದು ಆಸ್ಪತ್ರೆಗೆ ಸೇರಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ. ಆಪರೇಷನ್, ಸ್ಟೆಂಟ್, ಡಯಾಲಿಸಿಸ್, ಕೀಮೋ ಇವೆಲ್ಲ ಅದರೊಳಗೆ. ಒಪಿಡಿಯಲ್ಲಿ ತೋರಿಸಿ, ಚೀಟಿ ಹಿಡಿದು ತಿಂಗಳು ತಿಂಗಳು ಕೊಳ್ಳುವ ಗುಳಿಗೆ ಅದರೊಳಗೆ ಬರುವುದಿಲ್ಲ. ಬಿಡುಗಡೆ ಆಗಿ ಮನೆಗೆ ಹೋದ ಮೇಲೆ 15 ದಿನದ ಔಷಧ ಮಾತ್ರ ಪ್ಯಾಕೇಜಿನಲ್ಲೇ ಸೇರಿರುತ್ತದೆ. ಡಿಸ್ಚಾರ್ಜ್ ದಿನ ಅದನ್ನು ಕೇಳಿ ತೆಗೆದುಕೊಳ್ಳಿ. ತಾವಾಗಿ ಕೊಡುವುದು ಕಡಿಮೆ.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಇಲ್ಲದ ದೊಡ್ಡ ಚಿಕಿತ್ಸೆಗೆ ಸೀದಾ ಖಾಸಗಿ ಆಸ್ಪತ್ರೆಗೆ ಹೋದರೆ ನಡೆಯುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ. ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಅಂತಲೇ ಕರೆಯುವ ವೈದ್ಯಕೀಯ ಕಾಲೇಜು, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದಾಗ ರೆಫರಲ್ ಬರೆದು ಕೊಡುತ್ತಾರೆ. ಆ ಹಾಳೆ ಇದ್ದರೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆ. ಜೀವ ಹೋಗುವಂಥ ತುರ್ತು ಇದ್ದರೆ ರೆಫರಲ್ ಬೇಕಿಲ್ಲ. ಆಸ್ಪತ್ರೆಯ ಬಾಗಿಲ ಹತ್ತಿರ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಬಿಲ್ಲಿಂಗ್ ಕೌಂಟರಿಗಿಂತ ಮೊದಲು ಅವರ ಹತ್ತಿರ ಹೋಗಿ. 14555 ಮತ್ತು 104 ನಂಬರುಗಳಲ್ಲೂ ಕೇಳಬಹುದು.

ಕಾರ್ಡಿನ ಮಾತು ಬಂದಾಗ ದುಡಿಯುವವರ ಎರಡು ಕಾರ್ಡ್ ಮರೆಯಬಾರದು. ತಿಂಗಳ ಸಂಬಳ 21,000 ರೂಪಾಯಿಯೊಳಗೆ ಇದ್ದು ಇಎಸ್‌ಐ ಕಡಿತ ಆಗುತ್ತಿದ್ದರೆ, ನಿಮಗೂ ನಿಮ್ಮನ್ನು ಅವಲಂಬಿಸಿದವರಿಗೂ ಹೊರರೋಗಿ ಔಷಧವೂ ಸಿಗುತ್ತದೆ. ಮೇಲೆ ಹೇಳಿದ ತಿಂಗಳ ಗುಳಿಗೆಗೆ ನಿಜವಾಗಿ ಉತ್ತರ ಇರುವುದು ಇದರಲ್ಲೇ. ತೋರಣಗಲ್ಲಿನ ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸ ಮಾಡುವವರು, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಯುವವರು ಸಂಬಳದ ಚೀಟಿ ಒಮ್ಮೆ ನೋಡಿಕೊಳ್ಳಿ. ಮನೆ ಕಟ್ಟುವ ಕೆಲಸದವರಿಗೆ ಕಟ್ಟಡ ಕಾರ್ಮಿಕರ ಮಂಡಳಿಯಿಂದ ದೊಡ್ಡ ಕಾಯಿಲೆಗಳಿಗೆ ಸಹಾಯಧನ ಇದೆ. ಕಾರ್ಡ್ ನವೀಕರಣ ಆಗಿರಬೇಕು, ಅಷ್ಟೇ.

ಕ್ಯಾನ್ಸರ್ ಔಷಧದ ಲೆಕ್ಕವೇ ಬೇರೆ. ಒಂದು ತಿಂಗಳ ಗುಳಿಗೆಗೆ ಲಕ್ಷ ಅಂದ ಕೂಡಲೇ ಹೊಲ ಮಾರುವ ಮಾತು ಬರುತ್ತದೆ. ಸ್ವಲ್ಪ ತಾಳಿ. ರಕ್ತದ ಕ್ಯಾನ್ಸರಿನ ಇಮ್ಯಾಟಿನಿಬ್ ಒಂದು ಕಾಲಕ್ಕೆ ತಿಂಗಳಿಗೆ ಸುಮಾರು 1.2 ಲಕ್ಷ ಇತ್ತು, ಭಾರತದ ಕಂಪನಿಗಳದು ಎಂಟು ಸಾವಿರದ ಆಸುಪಾಸು. ದುಬಾರಿ ಬೆಲೆಗೆ ಮಾರುತ್ತಿದ್ದ ಕಂಪನಿಗೆ ಪೇಟೆಂಟ್ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಹೇಳಿತು. ಸೊರಾಫೆನಿಬ್ ಎಂಬ ಔಷಧಕ್ಕೆ 2012ರಲ್ಲಿ ಸರ್ಕಾರವೇ ಕಡ್ಡಾಯ ಲೈಸೆನ್ಸ್ ಕೊಟ್ಟಿತು, ಅಂದರೆ ಪೇಟೆಂಟ್ ಇದ್ದರೂ ಬೇರೆ ಕಂಪನಿ ಮಾಡಬಹುದು ಅಂತ. ತಿಂಗಳಿಗೆ 2.8 ಲಕ್ಷ ಇದ್ದದ್ದು ಇನ್ನೊಂದು ಕಂಪನಿಯಿಂದ ಸುಮಾರು 8,800ಕ್ಕೆ ಬಂತು. ಹಾಗಾಗಿ ಮೊದಲ ಪ್ರಶ್ನೆ ಮತ್ತೆ ಅದೇ: ಇದರ ಮೂಲ ಹೆಸರೇನು, ಜೆನೆರಿಕ್ ಇದೆಯಾ? ಇಂಜೆಕ್ಷನ್ ಆಗಿದ್ದರೆ, ಬಯೊಸಿಮಿಲರ್, ಅಂದರೆ ಅದನ್ನೇ ಹೋಲುವ ಬೇರೆ ಕಂಪನಿಯದು, ಇದೆಯಾ?

ಇಲ್ಲ ಅಂದರೆ ಎರಡನೇ ಪ್ರಶ್ನೆ: ಕಂಪನಿಯ ರೋಗಿ ಸಹಾಯ ಯೋಜನೆ ಇದೆಯಾ? ಪೇಟೆಂಟ್ ಇರುವ ದುಬಾರಿ ಔಷಧಗಳಿಗೆ ಕಂಪನಿಗಳೇ ಇಂಥ ಯೋಜನೆ ನಡೆಸುತ್ತವೆ. ಇಷ್ಟು ತಿಂಗಳು ಕೊಂಡರೆ ಮುಂದಿನ ಇಷ್ಟು ತಿಂಗಳು ಉಚಿತ ಎಂಬಂಥ ಲೆಕ್ಕ. ಆದಾಯ ನೋಡಿ ಪೂರ್ತಿ ಉಚಿತ ಕೊಡುವವೂ ಇವೆ. ಅಂಗಡಿಯಲ್ಲಿ ಇದರ ಸುದ್ದಿ ಸಿಗುವುದಿಲ್ಲ. ಕ್ಯಾನ್ಸರ್ ಡಾಕ್ಟರೇ ಹೆಸರು ನೋಂದಾಯಿಸಬೇಕು. ಮೊದಲ ಡಬ್ಬಿ ಕೊಳ್ಳುವ ಮುನ್ನವೇ ಕೇಳಿ. ಕೊಂಡ ಡಬ್ಬಿಗಳ ಬಿಲ್ಲು, ಖಾಲಿ ಸ್ಟ್ರಿಪ್ ಬಿಸಾಡಬೇಡಿ. ಲೆಕ್ಕಕ್ಕೆ ಕೇಳುವುದುಂಟು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವವರು ಹಂಪಿ ಎಕ್ಸ್‌ಪ್ರೆಸ್ ಹತ್ತುವ ಮೊದಲು ಇನ್ನೊಂದು ಫಾರ್ಮ್ ಮಾಡಿಸಿಕೊಳ್ಳಿ. ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ಶೇ 75. ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ಆರು ತಿಂಗಳ ಓಡಾಟದಲ್ಲಿ ಅದೂ ಒಂದು ಕೋರ್ಸ್ ಗುಳಿಗೆಯ ದುಡ್ಡೇ.

ಮಕ್ಕಳ ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಲ್ಲಿ ಒಬ್ಬ ರೋಗಿಗೆ 50 ಲಕ್ಷದವರೆಗೆ ನೆರವು ಇದೆ. ಗೊತ್ತುಮಾಡಿದ ಕೇಂದ್ರದಲ್ಲಿ ನೋಂದಣಿ ಆಗಬೇಕು, ನಮ್ಮ ರಾಜ್ಯದ್ದು ಬೆಂಗಳೂರಿನಲ್ಲಿದೆ. ಎಸ್‌ಎಂಎ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆಯ ಔಷಧ ರಿಸ್ಡಿಪ್ಲಾಮ್ 2025ರ ಅಕ್ಟೋಬರ್‌ವರೆಗೆ ಒಂದು ಬಾಟಲಿಗೆ ಸುಮಾರು 6 ಲಕ್ಷ ಇತ್ತು. ಭಾರತೀಯ ಕಂಪನಿಯದು 15,900 ರೂಪಾಯಿಗೆ ಬಂತು. ವರ್ಷದ ಹಿಂದೆ "ಆಗಲ್ಲ" ಅಂದಿದ್ದನ್ನು ಮತ್ತೊಮ್ಮೆ ಕೇಳಿ ನೋಡಿ.

ಕೊನೆಗೆ ಉಳಿದದ್ದು ಪರಿಹಾರ ನಿಧಿಗಳು. ಇದರಲ್ಲಿ ನಾವೇ ಪೆಟ್ಟು ತಿಂದವರು. ನಮ್ಮ ದೊಡ್ಡವ್ವನನ್ನು ಒಂದು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಸೇರಿಸಿದ್ದಾಗ ಸಾಲ ಮಾಡಿ ಬಿಲ್ ಕಟ್ಟಿದೆವು. ಮನೆಗೆ ಕರೆತಂದು, ಕಾಗದ ಜೋಡಿಸಿ, ಎರಡು ತಿಂಗಳ ಮೇಲೆ ರಾಷ್ಟ್ರೀಯ ಆರೋಗ್ಯ ನಿಧಿಗೆ ಅರ್ಜಿ ಹಾಕಲು ಹೋದೆವು. ಆಗಿ ಹೋದ ಖರ್ಚಿಗೆ ಅಲ್ಲಿ ಹಣ ಕೊಡುವುದಿಲ್ಲ ಅಂತ ಆಗ ಗೊತ್ತಾಯಿತು. ಸೇರಿಸಿದ ದಿನ ಆಸ್ಪತ್ರೆಯಲ್ಲಿ ಒಬ್ಬರಾದರೂ ಹೇಳಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಈ ನಿಧಿ ಬಡತನ ರೇಖೆಗಿಂತ ಕೆಳಗಿನವರಿಗೆ, ಸರ್ಕಾರಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಳ ಚಿಕಿತ್ಸೆಗೆ. ಇದರದೇ ಕ್ಯಾನ್ಸರ್ ಭಾಗ ಕಿದ್ವಾಯಿಯಂಥ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳ ಮೂಲಕ ನಡೆಯುತ್ತದೆ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯ ಹಣ ನಿಮ್ಮ ಕೈಗೆ ಬರುವುದಿಲ್ಲ, ಸೀದಾ ಆಸ್ಪತ್ರೆಗೆ ಹೋಗುತ್ತದೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ನಮ್ಮ ಕಡೆ ಶಾಸಕರ ಪತ್ರ ಹಿಡಿದು ಹೋಗುವುದು ರೂಢಿ. ಎಲ್ಲ ಕಡೆ ಮುಖ್ಯವಾದ ಕಾಗದ ಒಂದೇ, ಎಸ್ಟಿಮೇಟ್. ಅಂದರೆ ಯಾವ ಕಾಯಿಲೆ, ಯಾವ ಚಿಕಿತ್ಸೆ, ಎಷ್ಟು ಖರ್ಚಾದೀತು ಎಂದು ಡಾಕ್ಟರ್ ಸಹಿ, ಸೀಲು ಹಾಕಿ ಕೊಡುವ ಪತ್ರ. ಚಿಕಿತ್ಸೆ ಶುರು ಆಗುವ ಮೊದಲೇ ಅದನ್ನು ತೆಗೆದುಕೊಳ್ಳಿ. ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣ ಪತ್ರ, ಎಸ್ಟಿಮೇಟ್ ನಾಲ್ಕರಲ್ಲೂ ಹೆಸರು ಒಂದೇ ಥರ ಇದೆಯಾ ಎಂದು ಅಕ್ಷರ ಅಕ್ಷರ ನೋಡಿ. ನಮ್ಮ ದೊಡ್ಡವ್ವ ಆಧಾರಿನಲ್ಲಿ ಬಸಮ್ಮ, ರೇಷನ್ ಕಾರ್ಡಿನಲ್ಲಿ ಬಸವ್ವ. ಅದನ್ನು ಸರಿ ಮಾಡಿಸಲು ನಾಲ್ಕು ಸಲ ಓಡಾಡಿದೆವು. "ಫೈಲ್ ಮುಂದೆ ಕಳಿಸ್ತೀನಿ, ಒಟಿಪಿ ಹೇಳಿ" ಅನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಯಾವ ನಿಧಿಗೂ ಒಟಿಪಿ ಕೇಳುವ ಏಜೆಂಟ್ ಬೇಕಿಲ್ಲ.

ಮಾವನ ಡಬ್ಬಿಗೆ ಬರೋಣ. ಆ ಹಾಳೆ ಹಿಡಿದು ಅವರ ಹಾರ್ಟಿನ ಡಾಕ್ಟರ ಹತ್ತಿರ ಹೋದೆವು. ನಾನು ಮಾತು ಶುರು ಮಾಡುವ ಮೊದಲೇ ಮಾವ, "ಸಾಹೇಬ್ರ, ಭತ್ತ ಮಾರಿ ಗುಳಿಗಿ ನುಂಗಾಕತ್ತೀನ್ರಿ" ಅಂದುಬಿಟ್ಟರು. ಡಾಕ್ಟರ್ ನಕ್ಕರು. ಸ್ಟ್ರಿಪ್ ಒಂದೊಂದಾಗಿ ನೋಡಿ, ಹೊಸ ಚೀಟಿಯಲ್ಲಿ ನಾಲ್ಕರ ಮೂಲ ಹೆಸರು ಬರೆದರು. ಎರಡು ವಾರ ಬಿಟ್ಟು ಬಿ.ಪಿ., ಸಕ್ಕರೆ ತೋರಿಸಲು ಹೇಳಿದರು. ಈಗ ತಿಂಗಳಿಗೆ 2,500ರ ಒಳಗೆ ಆಗುತ್ತಿದೆ. ಥೈರಾಯ್ಡ್ ಗುಳಿಗೆಯನ್ನು ಮಾತ್ರ ಮುಟ್ಟಲಿಲ್ಲ, "ಇದು ಇದೇ ಕಂಪನಿಯದು ಇರಲಿ" ಅಂದರು. ಐದರಲ್ಲಿ ಅತಿ ಅಗ್ಗದ್ದು ಅದೇ ಆಗಿತ್ತು.